ಶಿಷ್ಯವೇತನ: ದಾನವೋ, ದುಡಿಮೆಯ ಫಲವೋ?

ಆದಿತೀರ್ಥಂಕರ ವೃಷಭನಾಥರು ತಮ್ಮ ಪುತ್ರಿಯರಲ್ಲಿ ಬ್ರಾಹ್ಮಿಗೆ ಅಕ್ಷರಗಳನ್ನೂ ಸುಂದರಿಗೆ ಅಂಕಗಳನ್ನೂ ಕಲಿಸಿದ ಪ್ರಸಂಗವನ್ನು ಅರಿಯದ ಜೈನ ಮನೆ ನಮ್ಮಲ್ಲಿ ವಿರಳ. ತಂದೆಯ ಬಳಿ ಕುಳಿತು ಕಲಿತ ಆ ವಿದ್ಯೆಗೆ ಶುಲ್ಕವೂ ಇರಲಿಲ್ಲ, ಪ್ರತಿಫಲದ ನಿರೀಕ್ಷೆಯೂ ಇರಲಿಲ್ಲ. ಅದೇ ವೃಷಭನಾಥರು, ಕಲ್ಪವೃಕ್ಷಗಳು ಮರೆಯಾಗಿ ಪ್ರಜೆಗಳು ಹಸಿವಿನಿಂದ ಕಂಗೆಟ್ಟು ಬಂದಾಗ, ಬದುಕುವ ದಾರಿಯಾಗಿ ಅಸಿ, ಮಷಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ವೃತ್ತಿಗಳನ್ನು ಬೋಧಿಸಿದರು. ಈ ಸಾಲಿನಲ್ಲಿ ವಿದ್ಯೆಯು ಉಳುಮೆ ವ್ಯಾಪಾರಗಳ ಪಕ್ಕದಲ್ಲಿಯೇ ನಿಂತಿದೆ ಎಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಒಂದೆಡೆ ವಿದ್ಯೆ ಕೊಡುಗೆ, ಮತ್ತೊಂದೆಡೆ ಅದು ಹೊಟ್ಟೆ ಹೊರೆಯುವ ದುಡಿಮೆ. ಪುರಾಣಕಾರರು ಇವೆರಡರ ನಡುವೆ ವಿರೋಧವನ್ನು ಕಾಣಲಿಲ್ಲ. ನಮ್ಮ ಕಾಲದಲ್ಲಿ ಮಾತ್ರ ಈ ಎರಡು ಮುಖಗಳ ನಡುವೆ ಒಂದು ಗೊಂದಲ ಹುಟ್ಟಿಕೊಂಡಿದೆ. ಆ ಗೊಂದಲದಿಂದ ಕೆಲವರಿಗೆ ಲಾಭವೂ ಆಗುತ್ತಿರುವುದರಿಂದ, ಅದನ್ನು ಬಿಡಿಸಿ ನೋಡುವ ಅಗತ್ಯವಿದೆ.

ವಿಷಯವನ್ನು ನೇರವಾಗಿ ಹೇಳುತ್ತೇನೆ. ಗಣಿತದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುವ ಮಕ್ಕಳು ಓದಿನ ನಡುವೆ ಎರಡು, ಮೂರು, ಕೆಲವೊಮ್ಮೆ ಆರು ತಿಂಗಳ ಕಾಲ ಯಾವುದಾದರೂ ಕಚೇರಿಯಲ್ಲೋ ಪ್ರಯೋಗಾಲಯದಲ್ಲೋ ಕೆಲಸ ಕಲಿಯಲು ಹೋಗುವ ಪದ್ಧತಿ ಈಗ ವ್ಯಾಪಕವಾಗಿದೆ. ಇದನ್ನು ಇಂಟರ್ನ್‌ಷಿಪ್ ಎನ್ನುತ್ತಾರೆ. ಇಂತಹ ವಿದ್ಯಾರ್ಥಿಗೆ ಹಣ ಕೊಡಬೇಕೆ? ಕೊಟ್ಟರೆ ಅದು ಏನು? ಉಪಕಾರವೋ, ಋಣಸಂದಾಯವೋ? ಈ ಪ್ರಶ್ನೆ ನಮ್ಮ ಸಮಾಜವನ್ನು ಮೂರು ಕಡೆಯಿಂದ ಮುಟ್ಟುತ್ತದೆ. ನಮ್ಮ ಮಕ್ಕಳು ಇಂಟರ್ನ್‌ಗಳಾಗಿ ಹೋಗುತ್ತಾರೆ. ನಮ್ಮವರ ಉದ್ಯಮಗಳು ಇಂಟರ್ನ್‌ಗಳನ್ನು ತೆಗೆದುಕೊಳ್ಳುತ್ತವೆ. ನಮ್ಮ ಬಸದಿ ಮಂದಿರಗಳ ಟ್ರಸ್ಟುಗಳು ಅಂತಹವರಿಗೆ ವಿದ್ಯಾರ್ಥಿವೇತನ ಕೊಡುತ್ತವೆ.

ಬೆಂಗಳೂರಿನ ದಂಡು ಪ್ರದೇಶದಿಂದ ಪೂರ್ವಕ್ಕೆ ಹೊರಟರೆ ಈ ಮೂವರೂ ಒಂದೇ ದಾರಿಯಲ್ಲಿ ಕಾಣಸಿಗುತ್ತಾರೆ. ಶಿವಾಜಿನಗರ, ಕಮರ್ಷಿಯಲ್ ಸ್ಟ್ರೀಟುಗಳ ಅಂಗಡಿಗಳು. ಹಲಸೂರಿನ ಬಜಾರ್ ಬೀದಿಯ ಗಿರವಿ ಮತ್ತು ಚಿನ್ನಬೆಳ್ಳಿಯ ವ್ಯಾಪಾರ. ಒಂದು ಕಾಲಕ್ಕೆ ನಿವೃತ್ತರ ಮನೆಗಳಿಂದ ಪ್ರಶಾಂತವಾಗಿದ್ದು ಈಗ ಮನೆಮನೆಯಲ್ಲೂ ಕಚೇರಿ ತೆರೆದಿರುವ ಇಂದಿರಾನಗರ. ಹಳೆಯ ಮದರಾಸು ರಸ್ತೆಯಲ್ಲಿ ಮುಂದುವರಿದರೆ 1948ರಲ್ಲಿ ಆರಂಭವಾದ ಐ.ಟಿ.ಐ. ಕಾರ್ಖಾನೆಯ ದೂರವಾಣಿನಗರ, ಕೆ.ಆರ್. ಪುರ, ಅದರಾಚೆ ಮಹದೇವಪುರ, ವೈಟ್‌ಫೀಲ್ಡ್. ಬೈಯಪ್ಪನಹಳ್ಳಿಗೆ 2011ರಲ್ಲಿ ಬಂದ ಮೆಟ್ರೋ ರೈಲು 2023ರ ಅಕ್ಟೋಬರಿನಲ್ಲಿ ಕೆ.ಆರ್. ಪುರವನ್ನು ಕೂಡಿಕೊಂಡಿತು. ಮಾರಿಕುಪ್ಪಂ, ಬಂಗಾರಪೇಟೆಗಳ ಕಡೆಯಿಂದ ಬೆಳಗಿನ ರೈಲಿನಲ್ಲಿ ನಿಂತೇ ಬಂದು ಕೆ.ಆರ್. ಪುರದಲ್ಲಿ ಇಳಿಯುವ ಯುವಜನರ ಗುಂಪಿನಲ್ಲಿ ಗಣಿತದ ವಿದ್ಯಾರ್ಥಿಗಳೂ ಇರುತ್ತಾರೆ. ಅಂಕಿ ಅಂಶಗಳ ರಾಶಿಯನ್ನು ಶುದ್ಧಪಡಿಸುವುದು, ಸಾಲ ತೀರದೆ ಉಳಿಯುವ ಸಂಭವವನ್ನು ಲೆಕ್ಕ ಹಾಕುವುದು, ಸರಕು ಸಾಗಿಸುವ ವಾಹನಗಳಿಗೆ ಕಡಿಮೆ ದೂರದ ದಾರಿ ಹುಡುಕುವುದು, ಗಣಕಯಂತ್ರಕ್ಕೆ ಕಲಿಸುವ ಮಾದರಿಗಳನ್ನು ಪರೀಕ್ಷಿಸುವುದು ಇವರಿಗೆ ಸಿಗುವ ಕೆಲಸ. ಸಮೀಕರಣ ಬಲ್ಲವರಿಗೆ ಇಂದು ಬೇಡಿಕೆ ಇದೆ. ಆದರೆ ಬೇಡಿಕೆ ಇದ್ದಲ್ಲೆಲ್ಲ ಬೆಲೆ ಇರುತ್ತದೆಂಬ ವ್ಯಾಪಾರಿಯ ಸೂತ್ರ ಇವರ ವಿಷಯದಲ್ಲಿ ಸುಳ್ಳಾಗುತ್ತಿದೆ.

ಸಂಶೋಧನೆಯ ದಾರಿ ಹಿಡಿದವನ ಸ್ಥಿತಿ ತಕ್ಕಮಟ್ಟಿಗೆ ಸ್ಪಷ್ಟ. ಸಿ.ಎಸ್.ಐ.ಆರ್. ಕಿರಿಯ ಸಂಶೋಧಕರ ಶಿಷ್ಯವೇತನವು 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಆಗಿದೆ. ಅಣುಶಕ್ತಿ ಇಲಾಖೆಯು 1983ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಉನ್ನತ ಗಣಿತ ಮಂಡಳಿಯೂ ನೆರವು ನೀಡುತ್ತದೆ. ಇಂಜಿನಿಯರಿಂಗ್ ಓದುವವರಿಗೆ ಕಾಲೇಜುಗಳೇ ಕಂಪೆನಿಗಳ ಪರಿಚಯ ಮಾಡಿಸುವ ವ್ಯವಸ್ಥೆ ಇದೆ. ಇವೆರಡರ ನಡುವೆ ಬೀಳುವವನು ಸಾಮಾನ್ಯ ವಿಶ್ವವಿದ್ಯಾಲಯದ ಎಂ.ಎಸ್ಸಿ. ಗಣಿತದ ವಿದ್ಯಾರ್ಥಿ. 1961ರ ಅಪ್ರೆಂಟಿಸ್ ಕಾಯಿದೆಯು ಇಂಜಿನಿಯರಿಂಗ್ ಅಲ್ಲದ ಪದವೀಧರರನ್ನೂ ಒಳಗೊಂಡದ್ದು 2014ರ ತಿದ್ದುಪಡಿಯಿಂದ. 2019ರ ನಿಯಮಗಳಲ್ಲಿ ಪದವೀಧರ ಅಪ್ರೆಂಟಿಸನಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಎಂದು ನಿಗದಿಯಾಯಿತು. ಆದರೆ ಇಂಟರ್ನ್ ಎಂಬ ಹೆಸರಿನಿಂದ ತೆಗೆದುಕೊಂಡವನಿಗೆ ಆ ರಕ್ಷಣೆ ತಾನಾಗಿ ದೊರೆಯುವುದಿಲ್ಲ. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ದೊಡ್ಡ ಕಂಪೆನಿಗಳಲ್ಲಿ ತಿಂಗಳಿಗೆ 5,000 ರೂಪಾಯಿಯ ಇಂಟರ್ನ್‌ಷಿಪ್ ಯೋಜನೆಯನ್ನು ಪ್ರಾಯೋಗಿಕವಾಗಿ ಆರಂಭಿಸಿದಾಗ ಸ್ನಾತಕೋತ್ತರ ಪದವಿ ಪಡೆದವರನ್ನು ಅದರಿಂದ ಹೊರಗಿಟ್ಟಿತು. ಹೆಚ್ಚು ಓದಿದವನಿಗೆ ಅಗತ್ಯ ಕಡಿಮೆ ಎಂಬ ಎಣಿಕೆ ಇದರ ಹಿಂದೆ ಇರಬಹುದು. ಬಂಗಾರಪೇಟೆಯ ರೈಲಿನಲ್ಲಿ ಬರುವವರನ್ನು ಕೇಳಿದ್ದರೆ ಬೇರೆ ಉತ್ತರ ಸಿಗುತ್ತಿತ್ತು.

ಹಣ ಕೊಡದೆ ಕೆಲಸ ಮಾಡಿಸಿಕೊಳ್ಳುವವರ ವಾದವನ್ನು ನಾವು ಹಗುರವಾಗಿ ತಳ್ಳಿಹಾಕಬಾರದು. ಅವರು ಹೇಳುವುದಿಷ್ಟು: 'ಈ ಹುಡುಗನಿಗೆ ಪ್ರಮೇಯ ಗೊತ್ತು, ವ್ಯವಹಾರ ಗೊತ್ತಿಲ್ಲ. ನಾವು ಕಲಿಸುತ್ತೇವೆ. ಕಲಿಯುವವನು ಗುರುದಕ್ಷಿಣೆ ಕೊಡುವುದು ಪದ್ಧತಿ. ಗುರುವೇ ಶಿಷ್ಯನಿಗೆ ಹಣ ಕೊಡುವುದು ಎಲ್ಲಿಯ ನ್ಯಾಯ?' ಹಲಸೂರಿನ ಹಿರಿಯ ವರ್ತಕರೊಬ್ಬರು ಇದೇ ಮಾತನ್ನು ತಮ್ಮ ಬಾಳಿನಿಂದಲೇ ಸಮರ್ಥಿಸಿದರು. ಹದಿನಾಲ್ಕನೆಯ ವಯಸ್ಸಿನಲ್ಲಿ ರಾಜಸ್ಥಾನದಿಂದ ಬಂದು ಸಂಬಂಧಿಕರ ಅಂಗಡಿಯಲ್ಲಿ ಸಂಬಳವಿಲ್ಲದೆ ಏಳು ವರ್ಷ ದುಡಿದವರು ಅವರು. 'ನನಗೆ ಅನ್ಯಾಯವಾಯಿತೆಂದು ಎಂದೂ ಅನ್ನಿಸಲಿಲ್ಲ' ಎಂದರು. ಅವರ ಮಾತು ಪ್ರಾಮಾಣಿಕವಾದುದು. ಆದರೆ ಆ ಏಳು ವರ್ಷ ಅವರ ಊಟ, ಬಟ್ಟೆ, ಮಲಗುವ ಜಾಗ, ಜ್ವರ ಬಂದಾಗ ಔಷಧ ಎಲ್ಲವೂ ಅಂಗಡಿಯ ಯಜಮಾನನ ಮನೆಯದಾಗಿತ್ತು. ಕೊನೆಗೆ ಬಂಡವಾಳ ಕೊಟ್ಟು ಬೇರೆ ಅಂಗಡಿ ಹಾಕಿಸಿದವನೂ ಆ ಯಜಮಾನನೇ. ಸಂಬಳವೆಂಬ ಹೆಸರು ಇರಲಿಲ್ಲವೇ ಹೊರತು, ಪೋಷಣೆಯ ಹೊಣೆ ಪೂರ್ಣವಾಗಿ ಇತ್ತು. ಇಂದು ಮೂರು ತಿಂಗಳಿಗೆಂದು ಬರುವ ಹುಡುಗಿಯ ರೈಲಿನ ಪಾಸು ಅವಳದು, ಮಧ್ಯಾಹ್ನದ ಊಟ ಅವಳದು, ಪಿ.ಜಿ.ಯ ಬಾಡಿಗೆ ಅವಳ ತಂದೆಯದು. ಮುಂದೆ ಕೆಲಸ ಕೊಡುವ ಭರವಸೆಯೂ ಇಲ್ಲ. ಹಳೆಯ ಪದ್ಧತಿಯ ಹೆಸರನ್ನು ಉಳಿಸಿಕೊಂಡು ಅದರ ಹೊಣೆಯನ್ನು ಕೈಬಿಟ್ಟಂತಾಗಿದೆ.

ಇಲ್ಲಿ ತತ್ವಾರ್ಥಸೂತ್ರವು ನಮ್ಮ ನೆರವಿಗೆ ಬರುತ್ತದೆ. ಉಮಾಸ್ವಾಮಿಗಳು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು ಎಂಬ ಮೂರನ್ನು ಹಿಂಸೆಯೆಂದು ಯಾರು ಬೇಕಾದರೂ ಒಪ್ಪುತ್ತಾರೆ. ಉಳಿದೆರಡು ಹೆಚ್ಚು ಸೂಕ್ಷ್ಮವಾದವು: ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ನ್ಯಾಯವಾದ ಹೊರೆಗಿಂತ ಹೆಚ್ಚು ಹೊರಿಸುವುದು ಮೊದಲನೆಯದು. ಆಶ್ರಯದಲ್ಲಿರುವ ಜೀವಕ್ಕೆ ಆಹಾರ ನೀರನ್ನು ತಪ್ಪಿಸುವುದು ಎರಡನೆಯದು. ಎತ್ತು, ಕುದುರೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇವುಗಳನ್ನು ವಿವರಿಸುವುದು ವಾಡಿಕೆ. ಎತ್ತಿಗೆ ಹುಲ್ಲು ಹಾಕದೆ ನೊಗಕ್ಕೆ ಕಟ್ಟುವವನನ್ನು ಕಂಡರೆ ಯಾವ ಶ್ರಾವಕನೂ ಸುಮ್ಮನಿರಲಾರ. 'ಇದು ಬೇರೆಯವರ ಮನೆಯಲ್ಲಿ ಹುಲ್ಲು ತಿಂದು ಬಂದಿದೆ, ಇಲ್ಲಿ ಉಳುವುದನ್ನು ಕಲಿಯುತ್ತಿದೆ' ಎಂದು ಅವನು ಹೇಳಿದರೆ ನಮಗೆ ಸಮಾಧಾನವಾದೀತೆ? ಮೂಕ ಪ್ರಾಣಿಗೆ ಸಲ್ಲುವ ನ್ಯಾಯವು ಮಾತು ಬಲ್ಲ ಮನುಷ್ಯನಿಗೆ, ಅವನು ಸಂಕೋಚದಿಂದ ಕೇಳಲಿಲ್ಲವೆಂಬ ಒಂದೇ ಕಾರಣಕ್ಕೆ, ಸಲ್ಲದಂತಾಗುವುದು ವಿಚಿತ್ರ.

ಹಾಗೆಂದು ಎಲ್ಲ ಕಲಿಕೆಗೂ ಕೂಲಿ ಕೊಡಬೇಕೆಂದು ನಾನು ಹೇಳುತ್ತಿಲ್ಲ. ಪ್ರೊ. ಎಸ್. ಕುಮರೇಶನ್ ಅವರು 1993ರಲ್ಲಿ ಆರಂಭಿಸಿದ ಬೇಸಿಗೆಯ ಗಣಿತ ತರಬೇತಿ ಶಿಬಿರಗಳು ದೇಶದ ಅನೇಕ ಕಡೆಗಳಲ್ಲಿ ನಡೆದಿವೆ. ರಾಷ್ಟ್ರೀಯ ಉನ್ನತ ಗಣಿತ ಮಂಡಳಿಯ ಧನಸಹಾಯದಿಂದ ನಡೆದ ಈ ಶಿಬಿರಗಳಲ್ಲಿ ವಿದ್ಯಾರ್ಥಿಗೆ ಊಟ ವಸತಿ ಒದಗಿಸಿ ನಾಲ್ಕು ವಾರಗಳ ಕಾಲ ಗಣಿತವನ್ನು ಯೋಚಿಸುವುದು ಹೇಗೆಂದು ಕಲಿಸುತ್ತಾರೆ. ಅಲ್ಲಿ ವಿದ್ಯಾರ್ಥಿ ಬಿಡಿಸಿದ ಸಮಸ್ಯೆಯನ್ನು ಯಾರೂ ಮಾರುವುದಿಲ್ಲ. ಅದು ಶುದ್ಧವಾದ ಶಾಸ್ತ್ರದಾನ; ಅದಕ್ಕೆ ವೇತನದ ಪ್ರಶ್ನೆಯೇ ಇಲ್ಲ. ಆದುದರಿಂದ ಕೇಳಬೇಕಾದ ಪ್ರಶ್ನೆ 'ಇವನು ಕಲಿಯುತ್ತಿದ್ದಾನೆಯೇ?' ಎಂಬುದಲ್ಲ. ಕೆಲಸ ಮಾಡುವ ಪ್ರತಿಯೊಬ್ಬನೂ ಕಲಿಯುತ್ತಲೇ ಇರುತ್ತಾನೆ. ಮೂವತ್ತು ವರ್ಷ ಅನುಭವವುಳ್ಳ ಅಕ್ಕಸಾಲಿಗನೂ ಕಲಿಯುತ್ತಾನೆ, ಹಾಗೆಂದು ಅವನ ಮಜೂರಿಯನ್ನು ಯಾರೂ ಹಿಡಿದಿಡುವುದಿಲ್ಲ. ಅವನ ಲೆಕ್ಕದಿಂದ ಯಾರ ಪೆಟ್ಟಿಗೆ ತುಂಬಿತು ಎಂದು ಕೇಳಬೇಕು. ಅವನು ರಚಿಸಿದ ಮಾದರಿಯನ್ನು ಗಿರಾಕಿಗೆ ಒಪ್ಪಿಸಿ ಬಿಲ್ಲು ಮಾಡಿದ ದಿನ, ಅವನು ಶಿಷ್ಯನಾಗಿ ಉಳಿದಿದ್ದರೂ ಜೊತೆಗೆ ದುಡಿದವನೂ ಆದನು.

ಕನ್ನಡದಲ್ಲಿ ಸ್ಟೈಪೆಂಡ್ ಎಂಬುದಕ್ಕೆ ಶಿಷ್ಯವೇತನ ಎಂಬ ಪದ ಬಳಕೆಯಲ್ಲಿದೆ. ಇದನ್ನು ಮೊದಲು ಟಂಕಿಸಿದವರು ಯಾರೋ, ಅವರ ವಿವೇಕಕ್ಕೆ ವಂದನೆ. ಶಿಷ್ಯನಾಗಿದ್ದರೂ ವೇತನ ಉಂಟು, ವೇತನ ಪಡೆದರೂ ಶಿಷ್ಯತ್ವ ಉಂಟು ಎಂಬ ಎರಡೂ ಅರ್ಥಗಳು ಆ ಸಮಾಸದಲ್ಲಿ ಸೇರಿವೆ. ನಮ್ಮ ಕಚೇರಿಗಳು ಆ ಪದದ ಮೊದಲರ್ಧವನ್ನು ಮಾತ್ರ ಓದುತ್ತಿವೆ.

ಜೈನ ಗಣಿತಜ್ಞರಿಗೆ ಕೂಲಿಯ ಲೆಕ್ಕ ಅಪರಿಚಿತವಾಗಿರಲಿಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು ರಚಿಸಿದ 'ಗಣಿತಸಾರಸಂಗ್ರಹ'ವನ್ನು ಮದರಾಸಿನ ಎಂ. ರಂಗಾಚಾರ್ಯರು 1912ರಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು; ಹೊಂಬುಜದ ಶ್ರೀ ಸಿದ್ಧಾಂತಕೀರ್ತಿ ಗ್ರಂಥಮಾಲೆಯಿಂದ 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದವೂ ಬಂದಿದೆ. ಅದರ ಮಿಶ್ರಕವ್ಯವಹಾರದಲ್ಲಿ ಪಲ್ಲಕ್ಕಿ ಹೊರುವವರ ಒಂದು ಲೆಕ್ಕವಿದೆ. ಒಂದು ದೂರಕ್ಕೆ ಇಷ್ಟು ಎಂದು ಒಟ್ಟು ಕೂಲಿ ಗೊತ್ತಾಗಿದೆ. ದಾರಿಯಲ್ಲಿ ಕೆಲವರು ಮೊದಲು ನಿಲ್ಲುತ್ತಾರೆ, ಇನ್ನು ಕೆಲವರು ಮುಂದೆ ನಿಲ್ಲುತ್ತಾರೆ, ಉಳಿದವರು ಕೊನೆಯವರೆಗೆ ಹೊರುತ್ತಾರೆ. ಯಾರಿಗೆ ಎಷ್ಟು ಸಲ್ಲಬೇಕು? ಆಚಾರ್ಯರ ವಿಧಾನದಲ್ಲಿ ಪ್ರತಿ ಹಂತದ ದೂರವನ್ನು ಆ ಹಂತದಲ್ಲಿ ಹೊತ್ತವರ ಸಂಖ್ಯೆಯಿಂದ ಭಾಗಿಸಿ, ಒಬ್ಬೊಬ್ಬನ ಪಾಲನ್ನು ಕೂಡಿಸುತ್ತ ಹೋಗಬೇಕು.

ಇದನ್ನು ಇಂದಿನ ಕಚೇರಿಗೆ ಅನ್ವಯಿಸಿ ನೋಡೋಣ. ಮೂರು ತಿಂಗಳ ಒಂದು ಕೆಲಸಕ್ಕೆ ಮೂವರು ವಿದ್ಯಾರ್ಥಿಗಳು, ಒಟ್ಟು 36,000 ರೂಪಾಯಿ ಎಂದಿಟ್ಟುಕೊಳ್ಳಿ. ಮೊದಲ ತಿಂಗಳ ಕೊನೆಗೆ ಒಬ್ಬನು ಪರೀಕ್ಷೆಗಾಗಿ ಹೊರಟುಹೋದ, ಎರಡನೆಯ ತಿಂಗಳ ಕೊನೆಗೆ ಮತ್ತೊಬ್ಬಳು ಮನೆಯ ಅನಿವಾರ್ಯದಿಂದ ಬಿಟ್ಟಳು, ಮೂರನೆಯವನು ಮುಗಿಸಿದ. ತಿಂಗಳಿಗೆ 12,000ದಂತೆ, ಮೊದಲ ತಿಂಗಳು ಮೂವರಿಗೆ ತಲಾ 4,000. ಎರಡನೆಯ ತಿಂಗಳು ಇಬ್ಬರಿಗೆ ತಲಾ 6,000. ಮೂರನೆಯ ತಿಂಗಳು ಒಬ್ಬನಿಗೇ 12,000. ಮೊದಲು ಹೋದವನಿಗೆ 4,000, ಆಮೇಲೆ ಹೋದವಳಿಗೆ 10,000, ಕೊನೆಯವನಿಗೆ 22,000 ರೂಪಾಯಿ ಸಲ್ಲುತ್ತದೆ. ಉಳಿದವನು ಹೆಚ್ಚು ಹೊರೆ ಹೊತ್ತದ್ದಕ್ಕೆ ಹೆಚ್ಚು ಫಲ ಪಡೆದನು. ನಡುವೆ ಬಿಟ್ಟವರೂ ಬರಿಗೈಯಲ್ಲಿ ಹೋಗಲಿಲ್ಲ. ಈಗಿನ ಒಪ್ಪಂದಗಳಲ್ಲಿ 'ಅವಧಿ ಮುಗಿಸದವರಿಗೆ ಹಣವೂ ಇಲ್ಲ, ಪ್ರಮಾಣಪತ್ರವೂ ಇಲ್ಲ' ಎಂಬ ಷರತ್ತು ಸಾಮಾನ್ಯ. ಪಲ್ಲಕ್ಕಿಯನ್ನು ಅರ್ಧ ದಾರಿ ಹೊತ್ತವನೂ ಅರ್ಧ ದಾರಿಯನ್ನು ಹೊತ್ತದ್ದು ನಿಜ ಎಂಬ ಸರಳ ಸಂಗತಿಯನ್ನು ಈ ಷರತ್ತು ಮರೆಯುತ್ತದೆ. ಒಂಬತ್ತನೆಯ ಶತಮಾನದ ಗಣಿತವನ್ನು ತಿಳಿಯದೆ ಇಪ್ಪತ್ತೊಂದನೆಯ ಶತಮಾನದ ಗಣಿತವನ್ನು ಮಾರಹೊರಟಿದ್ದೇವೆ. (ನನ್ನ ಧ್ವನಿ ಇಲ್ಲಿ ಕೊಂಚ ಬಿರುಸಾಗಿದ್ದರೆ ವಾಚಕರು ಮನ್ನಿಸಬೇಕು.)

ಇನ್ನು ದಾನದ ಪ್ರಶ್ನೆ. ಟ್ರಸ್ಟುಗಳಿಗೆ ಸಂಬಂಧಿಸಿದ ಭಾಗ ಇದೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ನೋಡಬೇಕಾಗಿದೆ. ಶ್ರೀನಿವಾಸ ರಾಮಾನುಜನ್ ಅವರ ಬಾಳಿನ ಮೂರು ವರ್ಷಗಳು ಇದಕ್ಕೆ ಒಳ್ಳೆಯ ದೃಷ್ಟಾಂತ. ನೆಲ್ಲೂರಿನ ಕಲೆಕ್ಟರ್ ಆಗಿದ್ದ ಆರ್. ರಾಮಚಂದ್ರ ರಾವ್ ಅವರು ತಿಂಗಳಿಗೆ 25 ರೂಪಾಯಿಯಂತೆ ಕೈಯಿಂದ ಕೊಟ್ಟು ಅವರನ್ನು ಸಲಹಿದರು. ಯಾವ ಷರತ್ತೂ ಇಲ್ಲದ ಉದಾರವಾದ ನೆರವು ಅದು. ಆದರೂ ರಾಮಾನುಜನ್ ಪರರಿಗೆ ಭಾರವಾಗಿರಲು ಒಪ್ಪದೆ 1912ರ ಮಾರ್ಚಿ 1ರಂದು ಮದರಾಸು ಬಂದರು ಟ್ರಸ್ಟಿನಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತರಾದರು. 1913ರಲ್ಲಿ ಮದರಾಸು ವಿಶ್ವವಿದ್ಯಾಲಯವು ತಿಂಗಳಿಗೆ 75 ರೂಪಾಯಿಯ ಸಂಶೋಧನ ವೇತನವನ್ನು ಕೊಟ್ಟಿತು. ಮೂರು ತಿಂಗಳಿಗೊಮ್ಮೆ ತಮ್ಮ ಕೆಲಸದ ವರದಿ ಒಪ್ಪಿಸುವುದು ಅವರ ಹೊಣೆಯಾಯಿತು. ದಾನ, ಕೂಲಿ, ಶಿಷ್ಯವೇತನ ಎಂಬ ಮೂರನ್ನೂ ಅವರು ಕಂಡರು. 25 ರೂಪಾಯಿಗೂ 30 ರೂಪಾಯಿಗೂ ಇದ್ದ ಅಂತರ ಐದೇ ರೂಪಾಯಿ. ಬಿಡುವಿನ ದೃಷ್ಟಿಯಿಂದ ಮೊದಲನೆಯದೇ ಗಣಿತಕ್ಕೆ ಅನುಕೂಲ. ಆದರೂ ಅವರು ಎರಡನೆಯದನ್ನು ಆರಿಸಿಕೊಂಡರು. ದಾನಿಯ ಮನಸ್ಸು ಎಷ್ಟೇ ನಿರ್ಮಲವಾಗಿದ್ದರೂ, ತೆಗೆದುಕೊಳ್ಳುವವನು ತಲೆ ತಗ್ಗಿಸಬೇಕಾಗುತ್ತದೆ ಎಂಬುದನ್ನು ದಾನಶೂರರೆಂದು ಹೆಸರಾದ ನಮ್ಮ ಸಮಾಜ ಕೆಲವೊಮ್ಮೆ ಮರೆಯುತ್ತದೆ.

ಜಿನಸೇನಾಚಾರ್ಯರು ದತ್ತಿಯನ್ನು ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ವಿಂಗಡಿಸಿದ್ದಾರೆ. ದೀನರಿಗೆ ಕರುಣೆಯಿಂದ ಕೊಡುವುದು ದಯಾದತ್ತಿ, ಸಮಾನರಿಗೆ ಆದರದಿಂದ ಕೊಡುವುದು ಸಮದತ್ತಿ. ವಿದ್ಯಾರ್ಥಿಗೆ ಕೊಡುವುದು ಎರಡನೆಯ ಬಗೆಯದಾಗಬೇಕು ಎಂದು ನನ್ನ ತಿಳಿವಳಿಕೆ. ಆದರೆ ಈ ನಾಲ್ಕರಲ್ಲಿ ಯಾವುದಕ್ಕೂ ಸೇರದ ಒಂದಿದೆ: ಮಾಡಿಸಿಕೊಂಡ ಕೆಲಸಕ್ಕೆ ಕೊಡಬೇಕಾದ ಹಣ. ಅದು ದತ್ತಿಯೇ ಅಲ್ಲ. ಅದನ್ನು ದತ್ತಿಯೆಂದು ಕರೆದು ಪುಣ್ಯದ ಖಾತೆಗೆ ಜಮಾ ಮಾಡಿಕೊಂಡರೆ ಲೆಕ್ಕ ತಪ್ಪುತ್ತದೆ. ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಲಕ್ಷಣಗಳನ್ನು ಹೇಳುವಾಗ ನ್ಯಾಯೋಪಾತ್ತ ಧನವನ್ನು ಮೊದಲಿಗೆ ಇಟ್ಟಿದ್ದಾರೆ. ದಾನದ ಮಾತು ಬರುವುದು ಸಂಪಾದನೆ ನ್ಯಾಯವಾದ ಮೇಲೆ.

ಈಗ ಒಂದು ಸನ್ನಿವೇಶವನ್ನು ಪರಿಶೀಲಿಸೋಣ. ಕಂಪೆನಿಯೊಂದು ಹಣ ಕೊಡದೆ ವಿದ್ಯಾರ್ಥಿನಿಯನ್ನು ತೆಗೆದುಕೊಳ್ಳುತ್ತದೆ. ಅವಳ ತಂದೆ ಬಸದಿಯ ಟ್ರಸ್ಟಿಗೆ ಅರ್ಜಿ ಹಾಕುತ್ತಾರೆ. ಟ್ರಸ್ಟು ಕನಿಕರದಿಂದ ಮೂರು ತಿಂಗಳ ಖರ್ಚು ಕೊಡುತ್ತದೆ. ಹುಡುಗಿ ಕೆಲಸ ಮಾಡುತ್ತಾಳೆ, ಕಂಪೆನಿ ಅದರ ಫಲವನ್ನು ಅನುಭವಿಸುತ್ತದೆ. ಇಲ್ಲಿ ದಾನ ಸಂದದ್ದು ಯಾರಿಗೆ? ರಸೀದಿಯಲ್ಲಿ ಹುಡುಗಿಯ ಹೆಸರಿದೆ, ಉಳಿತಾಯವಾದದ್ದು ಕಂಪೆನಿಗೆ. ಪರ್ಯೂಷಣದ ದಿನಗಳಲ್ಲಿ ಮುಡಿಪಾಗಿ ಬಂದ ಹಣ, ಬಡ ಶ್ರಾವಿಕೆಯೊಬ್ಬಳು ಹುಂಡಿಗೆ ಹಾಕಿದ ಹತ್ತು ರೂಪಾಯಿ, ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡವೊಂದರ ಸಂಬಳದ ಪಟ್ಟಿಯನ್ನು ತುಂಬಿತು. ದೇವದ್ರವ್ಯವನ್ನು ಮತ್ತೊಂದು ಖಾತೆಗೆ ತಿರುಗಿಸಬಾರದೆಂದು ಶ್ವೇತಾಂಬರ ಸಂಘಗಳು ಎಷ್ಟು ಕಟ್ಟುನಿಟ್ಟಾಗಿ ಕಾಯುತ್ತವೆ! ಜ್ಞಾನಕ್ಕೆಂದು ಬಂದ ದ್ರವ್ಯದ ವಿಷಯದಲ್ಲಿಯೂ ಅದೇ ಎಚ್ಚರ ಬೇಡವೆ?

ಇದಕ್ಕೆ ಎದುರಾಗಿ ಒಂದು ಬಲವಾದ ಆಕ್ಷೇಪವಿದೆ. ಟ್ರಸ್ಟು ಕೊಡದಿದ್ದರೆ ಆ ಹುಡುಗಿ ಅವಕಾಶವನ್ನೇ ಕಳೆದುಕೊಳ್ಳುತ್ತಾಳೆ. ಸ್ಥಿತಿವಂತರ ಮನೆಯ ಮತ್ತೊಬ್ಬಳು ಆ ಜಾಗದಲ್ಲಿ ಕುಳಿತು, ಅದೇ ಅನುಭವದ ಬಲದಿಂದ ಮುಂದೆ ಕೆಲಸವನ್ನೂ ಪಡೆಯುತ್ತಾಳೆ. ಸಿದ್ಧಾಂತಕ್ಕಾಗಿ ಬಡವರ ಮಗಳನ್ನು ಬಲಿಕೊಡುವುದೆ? ಈ ಆಕ್ಷೇಪಕ್ಕೆ ನನ್ನಲ್ಲಿ ಪೂರ್ಣವಾದ ಉತ್ತರವಿಲ್ಲ. ಹುಡುಗಿ ಎದುರಿಗೆ ನಿಂತಿರುವಾಗ ಕೊಡಲೇಬೇಕು ಎಂದೇ ನಾನೂ ಹೇಳುತ್ತೇನೆ. ಆದರೆ ಕೊಟ್ಟ ಕೈಯೇ ಕಂಪೆನಿಗೆ ಒಂದು ಪತ್ರವನ್ನೂ ಬರೆಯಬಹುದು. ಟ್ರಸ್ಟಿನ ಪದಾಧಿಕಾರಿಗಳಲ್ಲಿ ಅನೇಕರು ಸ್ವತಃ ಉದ್ಯಮಿಗಳು. ಅವರ ಪತ್ರಕ್ಕೆ ತೂಕವಿರುತ್ತದೆ. ನಿಜವಾಗಿಯೂ ಶಕ್ತಿಯಿಲ್ಲದ ಸಂಸ್ಥೆಗಳ ಮಾತು ಬೇರೆ. ಹಸ್ತಪ್ರತಿ ಭಂಡಾರದ ಸೂಚಿಯನ್ನು ಗಣಕಕ್ಕೆ ಏರಿಸುವ ಮಠಕ್ಕೆ, ಸರ್ಕಾರಿ ಶಾಲೆಯ ಮಕ್ಕಳ ಗಣಿತದ ತೊಡಕುಗಳನ್ನು ಅಧ್ಯಯನ ಮಾಡುವ ಸೇವಾಸಂಸ್ಥೆಗೆ ಗಣಿತದ ವಿದ್ಯಾರ್ಥಿಯೊಬ್ಬನನ್ನು ಕಳುಹಿಸಿ ಅವನ ವೇತನವನ್ನು ಟ್ರಸ್ಟೇ ಭರಿಸಿದರೆ, ಅದು ಎರಡು ಕಡೆಯೂ ಸಾರ್ಥಕವಾದ ಶಾಸ್ತ್ರದಾನ. ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲಿ 'ವ್ಯವಹಾರಗಣಿತ'ವನ್ನು ಬರೆದ ಜೈನಕವಿ ರಾಜಾದಿತ್ಯನ ನಾಡಿನಲ್ಲಿ ಇಂತಹ ಕೆಲಸಕ್ಕೆ ಕೊರತೆಯೇನೂ ಇಲ್ಲ.

ವೇತನ ಕೊಟ್ಟೊಡನೆ ಋಣ ತೀರಿತೆಂದೂ ತಿಳಿಯಬಾರದು. ರಾಧಾನಾಥ ಸಿಕ್‌ದಾರರು ಕಲ್ಕತ್ತೆಯ ಹಿಂದೂ ಕಾಲೇಜಿನಲ್ಲಿ ಗಣಿತ ಕಲಿತು, 1831ರಲ್ಲಿ ಭಾರತದ ಮಹಾ ತ್ರಿಕೋಣಮಿತೀಯ ಸರ್ವೇಕ್ಷಣೆಗೆ ತಿಂಗಳಿಗೆ 30 ರೂಪಾಯಿಯ ಗಣಕರಾಗಿ ಸೇರಿದರು. ಓದಿನಿಂದ ನೇರವಾಗಿ ಕೆಲಸಕ್ಕೆ ಬಂದ ಗಣಿತ ವಿದ್ಯಾರ್ಥಿಗಳ ಆದಿಪುರುಷರೆಂದು ಅವರನ್ನು ಕರೆಯಬಹುದು. ಸಂಬಳ ಸಿಕ್ಕಿತು, ಬಡ್ತಿಯೂ ಸಿಕ್ಕಿತು. 1851ರಲ್ಲಿ ಪ್ರಕಟವಾದ ಸರ್ವೇಕ್ಷಣದ ಕೈಪಿಡಿಯ ವೈಜ್ಞಾನಿಕ ಅಧ್ಯಾಯಗಳಿಗೆ ಅವರ ನೆರವನ್ನು ಮುನ್ನುಡಿಯಲ್ಲಿ ಸ್ಮರಿಸಲಾಗಿತ್ತು. 1870ರಲ್ಲಿ ಅವರು ತೀರಿಕೊಂಡ ಬಳಿಕ, 1875ರ ಆವೃತ್ತಿಯಲ್ಲಿ ಲೆಕ್ಕಗಳು ಉಳಿದವು, ಅವರ ಹೆಸರು ಹೋಯಿತು. ಆ ಕಾಲದ ಇಂಗ್ಲಿಷ್ ಪತ್ರಿಕೆಯೇ ಇದನ್ನು ಮೃತನಿಂದ ಮಾಡಿದ ಅಪಹರಣವೆಂಬರ್ಥದಲ್ಲಿ ಖಂಡಿಸಿತು. ಕೊಡದಿರುವುದನ್ನು ತೆಗೆದುಕೊಳ್ಳುವುದೇ ಕಳವು ಎಂದು ನಮ್ಮ ಆಗಮಗಳು ಅಸ್ತೇಯವನ್ನು ವಿವರಿಸುತ್ತವೆ. ಸಿಕ್‌ದಾರರು ದುಡಿಮೆಯನ್ನು ಮಾರಿದ್ದರು. ಕರ್ತೃತ್ವವನ್ನು ಯಾರಿಗೂ ಕೊಟ್ಟಿರಲಿಲ್ಲ. ಇಂದಿನ ಇಂಟರ್ನ್ ಕಂಡುಹಿಡಿದ ಸುಲಭಕ್ರಮವು ಮೇಲಧಿಕಾರಿಯ ಹೆಸರಿನಲ್ಲಿ ವರದಿಯಾಗುವಾಗಲೂ ಇದೇ ನಡೆಯುತ್ತದೆ.

ಎಂತಹ ಕೆಲಸಕ್ಕೆ ವೇತನ ಎಂಬ ಮಾತು ಉಳಿದಿದೆ. ಇಂದಿರಾನಗರದಿಂದ ಅನತಿದೂರದ ಸಿ.ವಿ. ರಾಮನ್ ನಗರದಲ್ಲಿ ರಕ್ಷಣಾ ಸಂಶೋಧನೆಯ ಪ್ರಯೋಗಾಲಯಗಳಿವೆ. 1986ರಲ್ಲಿ ಸ್ಥಾಪಿತವಾದ ಕೃತಕ ಬುದ್ಧಿಮತ್ತೆ ಮತ್ತು ರೋಬಾಟಿಕ್ಸ್ ಕೇಂದ್ರವೂ ಅವುಗಳಲ್ಲಿ ಒಂದು. ಅಹಿಂಸೆಯನ್ನು ನಂಬಿದ ಮನೆಯ ಮಗ ಅಲ್ಲಿಗೆ ಹೋಗಬಹುದೆ ಎಂದು ತಾಯಂದಿರು ಕೇಳುವುದುಂಟು. ಗೃಹಸ್ಥನಿಗೆ ಸಂಕಲ್ಪೀ ಹಿಂಸೆ ಸರ್ವಥಾ ವರ್ಜ್ಯ. ನಾಡಿನ ರಕ್ಷಣೆಗೆ ಸಂಬಂಧಿಸಿದ ವಿರೋಧೀ ಹಿಂಸೆಯನ್ನು ಶಾಸ್ತ್ರ ಬೇರೆಯಾಗಿ ಎಣಿಸಿದೆ. 981ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ದಂಡನಾಯಕನಾಗಿದ್ದನು; ಅವನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು 'ತ್ರಿಲೋಕಸಾರ'ದಲ್ಲಿ ಸಂಖ್ಯಾಧಾರೆಗಳನ್ನು ವಿವರಿಸಿದ ಗಣಿತಜ್ಞರು. 1940ರಲ್ಲಿ ಇದೇ ಪೂರ್ವ ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ಸಹಯೋಗದೊಡನೆ ವಿಮಾನ ಕಾರ್ಖಾನೆಯನ್ನು ಆರಂಭಿಸಿದ ವಾಲಚಂದ್ ಹೀರಾಚಂದರು ಸೊಲ್ಲಾಪುರದ ಜೈನ ಮನೆತನದವರು. ಆದುದರಿಂದ ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಹೋಗುವವನ ವಿವೇಕಕ್ಕೆ ಬಿಡುವುದೇ ಸರಿ.

ನನಗೆ ಹೆಚ್ಚು ಚಿಂತೆ ತರುವುದು ಬೇರೊಂದು. ಗಣಿತದ ವಿದ್ಯಾರ್ಥಿಗೆ ಅತಿ ಹೆಚ್ಚು ಹಣ ಕೊಡುವವರಲ್ಲಿ ಷೇರುಪೇಟೆಯ ಮುಂಗಡ ವಹಿವಾಟಿನ ಸಂಸ್ಥೆಗಳು ಮುಂಚೂಣಿಯಲ್ಲಿವೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯು 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆ ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ಮಾಡಿದ ಬಿಡಿ ವ್ಯಕ್ತಿಗಳಲ್ಲಿ ಶೇಕಡಾ 93ರಷ್ಟು ಮಂದಿ ಹಣ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೀರಿತ್ತು. ಎದುರು ಬದಿಯಲ್ಲಿ ದೊಡ್ಡ ಸಂಸ್ಥೆಗಳು ಪಡೆದ ಲಾಭದ ಬಹುಪಾಲು ಗಣಕದ ಸೂತ್ರಗಳಿಂದ ನಡೆದ ವಹಿವಾಟಿನದು. ಆ ಸೂತ್ರಗಳನ್ನು ಹೊಸೆಯುವವರು ನಮ್ಮ ಮಕ್ಕಳಂತಹವರೇ. ಸಪ್ತವ್ಯಸನಗಳಲ್ಲಿ ಮೊದಲನೆಯದು ದ್ಯೂತ. ಹಣ ಕಟ್ಟಿ ಆಡುವ ಅಂತರ್ಜಾಲದ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ನಿಷೇಧಿಸುವವರೆಗೆ ಆ ಉದ್ಯಮವೂ ಸಂಭವಶಾಸ್ತ್ರ ಬಲ್ಲವರನ್ನು ಹುಡುಕಿ ನೇಮಿಸಿಕೊಳ್ಳುತ್ತಿತ್ತು. ಷೇರು ವ್ಯವಹಾರವೆಲ್ಲ ಜೂಜೆಂದು ನಾನು ಹೇಳುವುದಿಲ್ಲ. ನಮ್ಮಲ್ಲಿ ಅನೇಕರ ಅನ್ನ ಅದರಿಂದಲೇ ಬರುತ್ತಿದೆ. ಆದರೆ ಪಿತ್ರಾರ್ಜಿತವಿಲ್ಲದ ಹುಡುಗನೊಬ್ಬ ಅಲ್ಲಿಗೆ ಹೋದನೆಂದು ಆಕ್ಷೇಪಿಸುವ ಮೊದಲು, ಸತ್ಕಾರ್ಯದಲ್ಲಿ ತೊಡಗಿದ ನಾವು ಅವನಿಗೆ ಎಷ್ಟು ಕೊಡಲು ಸಿದ್ಧರಿದ್ದೆವು ಎಂಬ ಪ್ರಶ್ನೆ ಎದುರಾಗುತ್ತದೆ. ಒಳ್ಳೆಯ ಕೆಲಸವೆಲ್ಲ ಉಚಿತವಾಗಿ, ಸಂದೇಹದ ಕೆಲಸವೆಲ್ಲ ದುಬಾರಿಯಾಗಿ ಇದ್ದರೆ, ಬಡವನ ಮನೆಯ ಬುದ್ಧಿವಂತನು ಯಾವ ಕಡೆ ಹೋಗುವನೆಂದು ಲೆಕ್ಕ ಹಾಕಲು ಎಂ.ಎಸ್ಸಿ. ಬೇಕಿಲ್ಲ.

ಟ್ರಸ್ಟುಗಳು ಮುಂದಿನ ಶೈಕ್ಷಣಿಕ ವರ್ಷದ ವಿದ್ಯಾರ್ಥಿವೇತನದ ಅರ್ಜಿ ನಮೂನೆಗಳನ್ನು ಅಚ್ಚು ಮಾಡಿಸುವಾಗ ತಂದೆಯ ವಾರ್ಷಿಕ ಆದಾಯ, ಹಿಂದಿನ ಪರೀಕ್ಷೆಯ ಅಂಕಗಳು, ಇಬ್ಬರು ಸಮಾಜ ಬಾಂಧವರ ಶಿಫಾರಸು ಎಂಬ ಕಲಮುಗಳು ಎಂದಿನಂತೆ ಇರುತ್ತವೆ. ಇಂಟರ್ನ್‌ಷಿಪ್ಪಿಗೆ ನೆರವು ಕೇಳುವವರಿಗಾಗಿ ಇನ್ನೊಂದು ಪುಟವನ್ನು ಸೇರಿಸಬಹುದು. ಅದನ್ನು ತುಂಬಬೇಕಾದವನು ವಿದ್ಯಾರ್ಥಿಯಲ್ಲ, ಕೆಲಸ ಕೊಡುವ ಸಂಸ್ಥೆ: ಕೆಲಸ ಏನು, ಕಲಿಸುವವರು ಯಾರು, ತಿಂಗಳಿಗೆ ಕೊಡುವ ಹಣ ಎಷ್ಟು, ಕೊಡದಿದ್ದರೆ ಕಾರಣವೇನು, ನಡುವೆ ಬಿಡಬೇಕಾಗಿ ಬಂದರೆ ಸಲ್ಲುವುದೆಷ್ಟು, ವರದಿಯಲ್ಲಿ ವಿದ್ಯಾರ್ಥಿಯ ಹೆಸರು ಇರುವುದೆ. ಟ್ರಸ್ಟಿನ ಸದಸ್ಯರದೇ ಉದ್ಯಮವಾಗಿದ್ದರೂ ಈ ಪುಟಕ್ಕೆ ವಿನಾಯಿತಿ ಇರಬಾರದು. ಹಲಸೂರಿನ ಆ ಹಿರಿಯರಿಗೆ ಇದನ್ನು ತಿಳಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಅಂಗಡಿಯ ಲೆಕ್ಕಪತ್ರಕ್ಕೆ ಬೇಸಿಗೆಯಲ್ಲಿ ಬರುವ ಇಬ್ಬರು ಹುಡುಗರಿಗೂ ಅದು ಅನ್ವಯಿಸುತ್ತದೆಯೇ ಎಂದು ಕೇಳಿದರು. ಅನ್ವಯಿಸುತ್ತದೆ ಎಂದೆ.